ಗೋಧಿ ಬಿಡುವ ಮುಂಚೆ: ಸೀಲಿಯಾಕ್ ಪತ್ತೆ ಮಾಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಡಾಕ್ಟರ ಮುಂದೆ ಕೇಳಲು ಸಂಕೋಚಪಟ್ಟ ಪ್ರಶ್ನೆಗಳೆಲ್ಲ ಸೂಜಿ ಚುಚ್ಚುವ ಹೊತ್ತಿಗೆ ನನ್ನ ಹತ್ತಿರ ಬರುತ್ತವೆ. ನಾಲ್ಕು ವರ್ಷದ ಹಿಂದೆ ನನ್ನ ಅಕ್ಕನ ಮಗಳಿಗೇ ಸೀಲಿಯಾಕ್, ಅಂದರೆ ಗೋಧಿಯಂಥ ಧಾನ್ಯ ತಿಂದರೆ ಸಣ್ಣ ಕರುಳು ಹಾಳಾಗುವ ಕಾಯಿಲೆ, ಇದೆ ಅಂತ ಗೊತ್ತಾಯಿತು. ಆಮೇಲೆ ನೆಂಟರ ಪ್ರಶ್ನೆಗಳೂ ಸೇರಿಕೊಂಡವು. ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಕೂಡಿಸಿದ್ದೇನೆ. ನಾನು ಡಾಕ್ಟರಲ್ಲ, ಔಷಧಿ ಹೇಳುವುದಿಲ್ಲ. ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ, ಚಪಾತಿ ಬಿಟ್ಟವರ ಪ್ರಶ್ನೆಯನ್ನು ಓದಿ.

## ಮೊದಮೊದಲ ಪ್ರಶ್ನೆಗಳು

ಅಲ್ಲ ಕಣಕ್ಕ, ನಾವು ಮುದ್ದೆ ತಿನ್ನೋ ಜನ. ನಮಗ್ಯಾಕೆ ಗೋಧಿ ಕಾಯಿಲೆ?

ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಚಪಾತಿ ಹಿಟ್ಟಿನ ಉಂಡೆಯನ್ನು ನಲ್ಲಿ ಕೆಳಗೆ ಹಿಡಿದು ತೊಳೆಯುತ್ತಾ ಹೋಗಿ. ಬಿಳಿ ನೀರೆಲ್ಲ ಹರಿದ ಮೇಲೆ ಕೈಯಲ್ಲಿ ರಬ್ಬರಿನಂಥದ್ದು ಉಳಿಯುತ್ತದಲ್ಲ, ಹೆಚ್ಚುಕಡಿಮೆ ಅದೇ ಗ್ಲುಟೆನ್. ರಾಗಿ, ಅಕ್ಕಿ, ಜೋಳದಲ್ಲಿ ಇದು ಇಲ್ಲ. ಮುದ್ದೆ ಕೈಗೆ ಅಂಟುವುದು ಗಂಜಿಯಿಂದ, ಗ್ಲುಟೆನ್‌ನಿಂದ ಅಲ್ಲ.

ಸೀಲಿಯಾಕ್ ಇರುವವರು ಗ್ಲುಟೆನ್ ತಿಂದಾಗ ದೇಹ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ. ಕರುಳಿನ ಒಳಗೋಡೆ ಟರ್ಕಿ ಟವೆಲ್ಲಿನ ಹಾಗೆ ಸಣ್ಣ ಸಣ್ಣ ಎಳೆಗಳಿಂದ ತುಂಬಿರುತ್ತದೆ. ಊಟದ ಸಾರ ಹೀರುವುದು ಆ ಎಳೆಗಳೇ. ಅವು ಸವೆದು ಚಪ್ಪಟೆಯಾಗುತ್ತವೆ.

ನಮ್ಮ ಕಡೆ ಇದು ಕಮ್ಮಿ ಅನ್ನುವುದು ನಿಜ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಕಾಯಿಲೆಯ ಆಂಟಿಬಾಡಿ (ಕಾಯಿಲೆಯ ಗುರುತಾಗಿ ರಕ್ತದಲ್ಲಿ ಸಿಗುವ ಪ್ರೋಟೀನ್) ಉತ್ತರ ಭಾರತದಲ್ಲಿ ನೂರಕ್ಕೆ 1.23 ಜನರಲ್ಲಿ ಸಿಕ್ಕಿತು, ದಕ್ಷಿಣದಲ್ಲಿ 0.10. ಆದರೆ ಕಾಯಿಲೆಗೆ ಬೇಕಾದ ಜೀನ್ ಇರುವವರ ಪ್ರಮಾಣ ಎರಡೂ ಕಡೆ ಹತ್ತಿರಹತ್ತಿರ ಒಂದೇ ಇತ್ತು. ದೊಡ್ಡ ವ್ಯತ್ಯಾಸ ಕಂಡಿದ್ದು ತಟ್ಟೆಯಲ್ಲಿ. ಅವರು ನಮಗಿಂತ ಎಷ್ಟೋ ಪಟ್ಟು ಗೋಧಿ ತಿನ್ನುತ್ತಾರೆ. ಈಗ ನಮ್ಮ ತಟ್ಟೆಯೂ ಮೊದಲಿನ ಹಾಗಿಲ್ಲ, ಅಲ್ವಾ? ಶುಗರ್ ಬಂತು ಅಂದರೆ ರಾತ್ರಿ ಅನ್ನ ಹೋಗಿ ಚಪಾತಿ ಬರುತ್ತದೆ. ಬೆಳಿಗ್ಗೆ ಉಪ್ಪಿಟ್ಟು, ಸಂಜೆ ಬೇಕರಿ ಬನ್ನು.

ಹೊಟ್ಟೆ ಕೆಟ್ಟಿಲ್ಲ, ಭೇದಿ ಇಲ್ಲ. ಬರೀ ರಕ್ತ ಕಮ್ಮಿ ಅಂತ ಹೋದ್ರೆ ಗೋಧಿ ಟೆಸ್ಟ್ ಯಾಕೆ ಬರೆದ್ರು?

ಊಟದಲ್ಲಿರುವ ಕಬ್ಬಿಣಾಂಶ ರಕ್ತಕ್ಕೆ ಸೇರುವುದು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಸೀಲಿಯಾಕ್ ಜಾಸ್ತಿ ಹಾಳು ಮಾಡುವುದೂ ಅದನ್ನೇ. ಹಾಗಾಗಿ ಮಾತ್ರೆ ನುಂಗಿದರೂ ರಕ್ತ ಏರುವುದಿಲ್ಲ.

ನಮ್ಮ ಹುಡುಗಿಯ ಕಥೆಯೂ ಇದೇ. ಹದಿನಾಲ್ಕು ವರ್ಷ, ಕ್ಲಾಸಿನಲ್ಲಿ ಎಲ್ಲರಿಗಿಂತ ಕುಳ್ಳಿ. ಎರಡು ವರ್ಷ ಬಾಟಲಿಗಟ್ಟಲೆ ಟಾನಿಕ್ ಕುಡಿದಳು. ಒಬ್ಬರು ಜಂತುಹುಳ ಅಂದರು, ಒಬ್ಬರು ಮುಟ್ಟಿನ ತೊಂದರೆ ಅಂದರು. ಸೊಪ್ಪು ತಿನ್ನಲ್ಲ, ಅದಕ್ಕೇ ಹೀಗೆ ಅಂತ ಅಜ್ಜಿ ದಿನಾ ಬೈದರು. ಪಾಪ, ಸೊಪ್ಪು ತಿನ್ನುತ್ತಿದ್ದಳು. ನಾನು ಲ್ಯಾಬಿನಲ್ಲೇ ಕೆಲಸ ಮಾಡುವವಳು, ನನಗೂ ಹೊಳೆಯಲಿಲ್ಲ.

ಹೊಟ್ಟೆ ಉಬ್ಬರ, ಭೇದಿ, ತೂಕ ಇಳಿಯುವುದು ಇವು ಗೊತ್ತಿರುವ ಲಕ್ಷಣಗಳು. ಬೇರೆ ಬಾಗಿಲಿನಿಂದ ಬರುವುದೂ ಉಂಟು: ಬಾಯಿಹುಣ್ಣು ಮತ್ತೆ ಮತ್ತೆ ಆಗುವುದು, ಮಕ್ಕಳು ಎತ್ತರ ಬೆಳೆಯದಿರುವುದು, ಚಿಕ್ಕ ವಯಸ್ಸಿಗೇ ಮೂಳೆ ಸವೆತ, ಗರ್ಭ ನಿಲ್ಲದಿರುವುದು, ಲಿವರ್ ಟೆಸ್ಟಿನಲ್ಲಿ ಕಾರಣವಿಲ್ಲದೆ ಏರುಪೇರು. ಕೆಲವರಿಗೆ ಮೊಣಕೈ, ಮೊಣಕಾಲು, ಕುಂಡಿಯ ಮೇಲೆ ವಿಪರೀತ ಕಡಿತದ ನೀರುಗುಳ್ಳೆ ಏಳುತ್ತವೆ. ಅಂಥವರಿಗೆ ಕಾಯಿಲೆ ಪತ್ತೆಯಾಗುವುದು ಗುಳ್ಳೆಯ ಪಕ್ಕದ ಚರ್ಮದ ಬಯಾಪ್ಸಿಯಲ್ಲಿ, ಅಂದರೆ ಒಂದು ಚೂರು ತೆಗೆದು ಪರೀಕ್ಷಿಸುವುದರಲ್ಲಿ.

ಇದು ಗೋಧಿ ಅಲರ್ಜಿ ತಾನೇ?

ಅಲ್ಲ. ಅಲರ್ಜಿಯಾದರೆ ತಿಂದ ನಿಮಿಷಗಳಲ್ಲಿ, ಹೆಚ್ಚೆಂದರೆ ಗಂಟೆಗಳಲ್ಲಿ ದದ್ದು, ಬಾವು, ಉಬ್ಬಸ ಬರುತ್ತದೆ. ಅದಕ್ಕೆ ಟೆಸ್ಟೇ ಬೇರೆ. ಇನ್ನು ಕೆಲವರಿಗೆ ಎರಡೂ ಇರುವುದಿಲ್ಲ, ಆದರೂ ಗೋಧಿ ತಿಂದರೆ ಹೊಟ್ಟೆ ಉಬ್ಬುತ್ತದೆ. ಅವರ ಕರುಳು ಸವೆದಿರುವುದಿಲ್ಲ. ಅವರಿಗೆ ಕಾಟ ಕೊಡುವುದು ಎಷ್ಟೋ ಸಲ ಗ್ಲುಟೆನ್ ಅಲ್ಲ, ಗೋಧಿಯಲ್ಲಿರುವ ಒಂದು ಬಗೆಯ ಸಕ್ಕರೆ ಅಂಶ. ಅದು ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೆ.

ನಾನೇ ಚಪಾತಿ ಬಿಟ್ಟೆ, ಹೊಟ್ಟೆ ಸರಿಹೋಯ್ತು. ಇನ್ನು ಟೆಸ್ಟ್ ಯಾತಕ್ಕೆ?

ನನಗೆ ಅತಿ ಹೆಚ್ಚು ಬೇಸರ ತರುವ ಪ್ರಶ್ನೆ ಇದು. ಕೇಳುವವರದ್ದು ತಪ್ಪಿಲ್ಲ. ಆದರೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ರಕ್ತದ ಟೆಸ್ಟ್ ಹುಡುಕುವುದು ಗ್ಲುಟೆನ್ ವಿರುದ್ಧದ ಜಗಳದಲ್ಲಿ ದೇಹ ಮಾಡಿಕೊಂಡ ಆಂಟಿಬಾಡಿಯನ್ನು. ಕರುಳಿನ ಬಯಾಪ್ಸಿ ನೋಡುವುದು ಆ ಜಗಳದಲ್ಲಿ ಆದ ಗಾಯವನ್ನು. ಗೋಧಿ ಬಿಟ್ಟರೆ ಜಗಳ ನಿಲ್ಲುತ್ತದೆ. ವಾರಗಳು, ತಿಂಗಳುಗಳು ಕಳೆದ ಹಾಗೆ ಆಂಟಿಬಾಡಿ ಇಳಿಯುತ್ತದೆ, ಗಾಯ ಮಾಯುತ್ತದೆ. ಆಗ ಟೆಸ್ಟ್ ಮಾಡಿದರೆ ಎಲ್ಲ ನಾರ್ಮಲ್. ಕಾಯಿಲೆ ಇಲ್ಲದ್ದಕ್ಕೆ ನಾರ್ಮಲ್ಲೋ, ಗೋಧಿ ಬಿಟ್ಟಿದ್ದಕ್ಕೆ ನಾರ್ಮಲ್ಲೋ ಅಂತ ಹೇಳಲು ಯಾರಿಗೂ ಆಗುವುದಿಲ್ಲ.

ಬಿಟ್ಟ ಮೇಲೆ ಹೊಟ್ಟೆ ಸರಿಹೋಯ್ತು ಅನ್ನುವುದೂ ಸಾಕ್ಷಿಯಾಗುವುದಿಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ಈ ಕಾಯಿಲೆಯ ಚರಿತ್ರೆಯಲ್ಲೇ ಇದೆ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಎಂಬ ಮಕ್ಕಳ ಡಾಕ್ಟರು ಸೀಲಿಯಾಕ್ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟರು. ಮಕ್ಕಳು ಚೇತರಿಸಿಕೊಂಡರು. ಬಾಳೆಹಣ್ಣೇ ಔಷಧಿ ಅಂತ ಅವರು ನಂಬಿದರು. ನಂಜನಗೂಡಿನವರು ಕೇಳಿದ್ದರೆ ಆಗಲೇ ರಸಬಾಳೆಯನ್ನು ಹಡಗಿಗೆ ತುಂಬಿಸುತ್ತಿದ್ದರೇನೋ! ನಿಜವಾಗಿ ಕೆಲಸ ಮಾಡಿದ್ದು ಆ ಪಥ್ಯದಲ್ಲಿ ಬ್ರೆಡ್ಡು ಇಲ್ಲದಿದ್ದದ್ದು. ಗೋಧಿಯೇ ಕಾರಣ ಅಂತ ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ಡಾಕ್ಟರು ವಿಲೆಮ್ ಡಿಕೆ. ಅವರಿಗೆ ಮೊದಲೇ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದ ಬ್ರೆಡ್ಡಿಗೆ ಬರ ಬಂದಾಗ ಈ ಮಕ್ಕಳು ಸುಧಾರಿಸಿದ್ದು ಆ ಅನುಮಾನಕ್ಕೆ ಬಲ ಕೊಟ್ಟಿತು. ನಿಮ್ಮ ಹೊಟ್ಟೆಯೂ ಹಾಗೆಯೇ. ಸರಿಹೋಗಿದ್ದು ನಿಜ, ಕಾರಣ ಮಾತ್ರ ಬೇರೆ ಇರಬಹುದು.

ಖಚಿತವಾಗಿ ತಿಳಿಯುವುದು ಯಾಕೆ ಬೇಕು ಅಂದರೆ, ಸೀಲಿಯಾಕ್ ಆದರೆ ಪಥ್ಯ ಜೀವನಪೂರ್ತಿ, ಚಿಟಿಕೆಯಷ್ಟೂ ಸಡಿಲ ಇಲ್ಲದ್ದು. ಮನೆಯವರಿಗೂ ಟೆಸ್ಟ್ ಆಗಬೇಕು. ಬರೀ ಹೊಟ್ಟೆ ಉಬ್ಬರವಾದರೆ ಹಬ್ಬಕ್ಕೆ ಎರಡು ಒಬ್ಬಟ್ಟು ತಿಂದು ಆರಾಮಾಗಿ ಇರಬಹುದು. ಆದ್ದರಿಂದ ಮೊದಲು ಟೆಸ್ಟ್, ಆಮೇಲೆ ಪಥ್ಯ.

## ರಕ್ತದ ಟೆಸ್ಟ್

ಯಾವ ಟೆಸ್ಟ್? ಬರಿಹೊಟ್ಟೇಲಿ ಬರಬೇಕಾ?

ಬರಿಹೊಟ್ಟೆ ಬೇಡ, ತಿಂಡಿ ತಿಂದೇ ಬನ್ನಿ. ಆಗಲೇ ಹೇಳಿದ ಆಂಟಿಬಾಡಿಯನ್ನು ಅಳೆಯುವ ಮೊದಲ ಟೆಸ್ಟಿನ ಹೆಸರು ಟಿಟಿಜಿ-ಐಜಿಎ. ಅದರ ಜೊತೆಗೆ ಟೋಟಲ್ ಐಜಿಎ ಕೂಡ ಮಾಡಿಸಿದರೆ ಒಳ್ಳೆಯದು, ಯಾಕೆ ಅಂತ ಮುಂದೆ ಹೇಳುತ್ತೇನೆ. ಚೀಟಿಯಲ್ಲಿ ಟಿಟಿಜಿ ಮಾತ್ರ ಇದ್ದರೆ ಡಾಕ್ಟರನ್ನು ಒಂದು ಮಾತು ಕೇಳಿ. ಎರಡಕ್ಕೂ ಒಂದೇ ಸಲ ತೆಗೆದ ರಕ್ತ ಸಾಕು. ಸಣ್ಣ ಊರಿನ ಲ್ಯಾಬುಗಳು ಸ್ಯಾಂಪಲ್ಲನ್ನು ದೊಡ್ಡ ಲ್ಯಾಬಿಗೆ ಕಳಿಸುವುದರಿಂದ ರಿಪೋರ್ಟು ಅದೇ ದಿನ ಸಿಗದೇ ಇರಬಹುದು.

ನಂದು 48 ಬಂದಿದೆ, ನಮ್ಮ ಚಿಕ್ಕಮ್ಮನ ಮಗಂದು 150 ಅಂತೆ. ನಂಗೆ ಕಾಯಿಲೆ ಕಮ್ಮಿ ಅಂತ ತಾನೇ?

ಹಾಗೆ ಹೋಲಿಸಬೇಡಿ. ಒಂದೊಂದು ಕಂಪನಿಯ ಕಿಟ್ಟಿಗೆ ಒಂದೊಂದು ಅಳತೆ. ಒಂದರಲ್ಲಿ 10ರ ಮೇಲೆ ಪಾಸಿಟಿವ್, ಇನ್ನೊಂದರಲ್ಲಿ 20ರ ಮೇಲೆ. ನೋಡಬೇಕಾದ್ದು ಪಕ್ಕದ ಕಾಲಮ್ಮಿನಲ್ಲಿರುವ ನಾರ್ಮಲ್ ಮಿತಿಯನ್ನು, ನಿಮ್ಮ ಅಂಕಿ ಅದರ ಎಷ್ಟು ಪಟ್ಟು ಅನ್ನುವುದನ್ನು. ಮಿತಿ 4 ಇದ್ದು ನಿಮಗೆ 48 ಬಂದಿದ್ದರೆ ಹನ್ನೆರಡು ಪಟ್ಟು. ಮಿತಿ 20 ಇದ್ದು ಅವನಿಗೆ 150 ಬಂದಿದ್ದರೆ ಏಳೂವರೆ ಪಟ್ಟು. ಈ ಲೆಕ್ಕದಲ್ಲಿ ನಿಮ್ಮದೇ ಜಾಸ್ತಿ!

ಮಿತಿಯ ಹತ್ತು ಪಟ್ಟು ದಾಟಿದ್ದರೆ ಕಾಯಿಲೆ ಇರುವ ಸಾಧ್ಯತೆ ತುಂಬಾ ಜಾಸ್ತಿ. ಮಿತಿಗಿಂತ ಸ್ವಲ್ಪವೇ ಮೇಲಿದ್ದರೆ ಬೇರೆ ಕಾರಣಗಳೂ ಇರಬಹುದು: ಟೈಪ್ 1 ಡಯಾಬಿಟಿಸ್, ಲಿವರ್ ಕಾಯಿಲೆ, ಕೆಲವೊಮ್ಮೆ ಯಾವುದೋ ಸೋಂಕು. ಮುಂದಿನ ಸಲ ಟೆಸ್ಟ್ ಮಾಡಿಸುವಾಗ ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ ಮಾಡಿಸಿ. ಸುಮ್ನೆ ನಮ್ಮ ವ್ಯಾಪಾರಕ್ಕೆ ಹೇಳುತ್ತಿಲ್ಲ, ಹಾಗಾದರೆ ಮಾತ್ರ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ನೆಗೆಟಿವ್ ಬಂತು. ಇನ್ನು ತಲೆಬಿಸಿ ಇಲ್ಲ ಅಲ್ವಾ?

ಬಹುತೇಕ ಇಲ್ಲ. ಆದರೆ ಮೂರ್ನಾಲ್ಕು ಕಡೆ ಈ ಟೆಸ್ಟ್ ಮೋಸ ಮಾಡುತ್ತದೆ.

ಮೊದಲನೆಯದು ಟೋಟಲ್ ಐಜಿಎ ಸಂಗತಿ. ಕೆಲವರ ದೇಹದಲ್ಲಿ ಐಜಿಎ ಎಂಬ ಆಂಟಿಬಾಡಿಯೇ ಹುಟ್ಟುವುದಿಲ್ಲ. ಸೀಲಿಯಾಕ್ ಇರುವವರಲ್ಲಿ ನೂರಕ್ಕೆ ಎರಡು ಮೂರು ಜನ ಹೀಗಿರುತ್ತಾರೆ. ಇಲ್ಲದ್ದನ್ನು ಅಳೆದರೆ ಸೊನ್ನೆ ಬರದೆ ಇನ್ನೇನು ಬಂದೀತು? ಅಂಥವರಿಗೆ ಐಜಿಜಿ ಎಂಬ ಇನ್ನೊಂದು ಬಗೆಯ ಆಂಟಿಬಾಡಿಯನ್ನು ನೋಡುವ ಸೀಲಿಯಾಕ್ ಟೆಸ್ಟ್ ಮಾಡಬೇಕು. ಎರಡು ವರ್ಷದೊಳಗಿನ ಕೂಸುಗಳಿಗೂ ಕೆಲವು ಡಾಕ್ಟರುಗಳು ಡಿಜಿಪಿ ಎಂಬ ಇನ್ನೊಂದು ಟೆಸ್ಟ್ ಸೇರಿಸುತ್ತಾರೆ. ಸ್ಟೀರಾಯ್ಡ್‌ನಂಥ, ರೋಗನಿರೋಧಕ ಶಕ್ತಿಯನ್ನು ಅದುಮುವ ಔಷಧಿ ತೆಗೆದುಕೊಳ್ಳುವವರಲ್ಲೂ ಅಂಕಿ ತಗ್ಗಬಹುದು.

ಕೊನೆಯದು ನಮ್ಮ ಜಿಲ್ಲೆಯದೇ ಸಮಸ್ಯೆ. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಮುದ್ದೆ ಸಾರು, ರಾತ್ರಿ ಅನ್ನ. ವಾರಕ್ಕೆ ಒಂದು ಸಲ ಉಪ್ಪಿಟ್ಟು. ಇಂಥ ಮನೆಯವರು ಗೋಧಿ ಬಿಟ್ಟಿಲ್ಲ ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ತಿಂದಿದ್ದೂ ಅಷ್ಟಕ್ಕಷ್ಟೆ. ಟೆಸ್ಟಿನ ಬಗ್ಗೆ ಪುಸ್ತಕಗಳಲ್ಲಿ ಬರೆದಿಟ್ಟಿರುವುದು ದಿನಾ ಬ್ರೆಡ್ಡೋ ಚಪಾತಿಯೋ ತಿನ್ನುವವರಿಗಾಗಿ. ಹಾಗಾಗಿ ದಿನಕ್ಕೆ ಎಷ್ಟು ಗೋಧಿ ತಿನ್ನುತ್ತೀರಿ ಅನ್ನುವುದನ್ನು ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಇನ್ನೂರು ಬಗೆ ಊಟದ ಅಲರ್ಜಿ ಒಂದೇ ಸಲ ನೋಡೋ ಟೆಸ್ಟ್ ಇದೆಯಂತಲ್ಲ?

ಇದೆ. ಸಾವಿರಗಟ್ಟಲೆ ದುಡ್ಡು. ಐಜಿಜಿ ಪ್ಯಾನಲ್ ಎಂದು ಮಾರುವ ಇವುಗಳಿಂದ ಸೀಲಿಯಾಕ್ ಪತ್ತೆಯಾಗುವುದಿಲ್ಲ (ಮೇಲೆ ಹೇಳಿದ ಐಜಿಜಿ ಟೆಸ್ಟ್ ಬೇರೆ). ನೀವು ದಿನಾ ಏನು ತಿನ್ನುತ್ತೀರೋ ಅದಕ್ಕೇ ಪಾಸಿಟಿವ್ ಬರುವುದು ಸಾಮಾನ್ಯ. ಆ ದುಡ್ಡಿಗೆ ಬೇರೇನಾದರೂ ಕೊಳ್ಳಿ.

## ಎಂಡೋಸ್ಕೋಪಿ ಮತ್ತು ಬಯಾಪ್ಸಿ

ರಕ್ತದಲ್ಲೇ ಪಾಸಿಟಿವ್ ಬಂತಲ್ಲ, ಮತ್ತೆ ಬಾಯಿಗೆ ಪೈಪ್ ಯಾಕೆ?

ದೊಡ್ಡವರಲ್ಲಿ ಈಗಲೂ ಸಾಮಾನ್ಯ ನಿಯಮ ಬಯಾಪ್ಸಿಯೇ. ಅಂದರೆ ಬಾಯಿಂದ ಕ್ಯಾಮೆರಾ ಇರುವ ಪೈಪು ಇಳಿಸಿ (ಇದೇ ಎಂಡೋಸ್ಕೋಪಿ) ಸಣ್ಣ ಕರುಳಿನ ಚೂರು ತೆಗೆದು ನೋಡುವುದು. ನಮ್ಮ ಕಡೆ ಅದಕ್ಕೆ ಇನ್ನೂ ಒಂದು ಕಾರಣ ಸೇರುತ್ತದೆ.

ಒಂದು ಲೆಕ್ಕ ಹಾಕೋಣ. ಒಂದು ಟೆಸ್ಟ್ ಕಾಯಿಲೆ ಇಲ್ಲದ ನೂರು ಜನರಲ್ಲಿ ಇಬ್ಬರಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ ಅಂತ ಇಟ್ಟುಕೊಳ್ಳಿ. ಸಾವಿರ ಜನರಲ್ಲಿ ಹತ್ತು ರೋಗಿಗಳಿರುವ ಊರಿನಲ್ಲಿ ಎಲ್ಲರಿಗೂ ಮಾಡಿದರೆ ಸುಮಾರು 30 ಪಾಸಿಟಿವ್ ಬರುತ್ತವೆ, ಅದರಲ್ಲಿ 10 ನಿಜ. ಸಾವಿರಕ್ಕೆ ಒಬ್ಬನೇ ರೋಗಿ ಇರುವ ಊರಿನಲ್ಲಿ 21 ಪಾಸಿಟಿವ್, ನಿಜ ಒಂದೇ ಒಂದು. ಟೆಸ್ಟ್ ಅದೇ, ಊರು ಬೇರೆ. ಕಾಯಿಲೆ ಕಮ್ಮಿ ಇರುವ ನಮ್ಮ ಕಡೆ ಎರಡನೇ ಊರಿನ ಹಾಗೆ. ಲಕ್ಷಣ ಇದ್ದವರಿಗೆ ಮಾತ್ರ ಟೆಸ್ಟ್ ಮಾಡುವುದರಿಂದ ನಿಜವಾದ ಪರಿಸ್ಥಿತಿ ಇಷ್ಟು ಕೆಟ್ಟದಾಗಿರುವುದಿಲ್ಲ. ಆದರೂ ಜೀವನಪೂರ್ತಿ ಪಥ್ಯ ಹೇಳುವ ಮುಂಚೆ ಕರುಳನ್ನೇ ನೋಡುವುದು ವಾಸಿ.

ಪೈಪಿಗೆ ಹೆದರುವವರು ಜಾಸ್ತಿ, ಪೈಪು ಹಾಕಿಸಿಕೊಂಡ ಮೇಲೆ ಹೆದರಿದವರು ಕಮ್ಮಿ. ಆರೆಂಟು ಗಂಟೆ ಏನೂ ತಿನ್ನದೆ ಹೋಗಬೇಕು. ಗಂಟಲು ಮರಗಟ್ಟಲು ಸ್ಪ್ರೇ ಹೊಡೆಯುತ್ತಾರೆ, ಬೇಕಾದರೆ ಮಂಪರು ಬರುವ ಇಂಜೆಕ್ಷನ್ ಕೊಡುತ್ತಾರೆ. ಹತ್ತು ಹದಿನೈದು ನಿಮಿಷದ ಕೆಲಸ. ಓಕರಿಕೆ ಬಂದ ಹಾಗಾಗುತ್ತದೆ, ನೋವಿರುವುದಿಲ್ಲ. ಚೂರು ತೆಗೆದಿದ್ದು ಗೊತ್ತೇ ಆಗುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ.

ಕೇಳಿ ತಿಳಿದುಕೊಳ್ಳಬೇಕಾದ್ದು ಒಂದಿದೆ: ಎಷ್ಟು ಚೂರು ತೆಗೆಯುತ್ತಾರೆ? ಕರುಳು ಎಲ್ಲ ಕಡೆ ಒಂದೇ ಸಮ ಹಾಳಾಗಿರುವುದಿಲ್ಲ. ಹೊಟ್ಟೆ ದಾಟಿದ ತಕ್ಷಣ ಸಿಗುವ ಉಬ್ಬಿದ ಭಾಗದಿಂದ ಒಂದೋ ಎರಡೋ, ಅದರ ಮುಂದಿನ ಭಾಗದಿಂದ ಕನಿಷ್ಠ ನಾಲ್ಕು ಚೂರು ಬೇಕು. ಕರುಳು ಕಣ್ಣಿಗೆ ನಾರ್ಮಲ್ ಕಂಡರೂ ತೆಗೆಯಬೇಕು.

ಮಕ್ಕಳಿಗೂ ಪೈಪ್ ಹಾಕಲೇಬೇಕಾ?

ಎಲ್ಲರಿಗೂ ಅಲ್ಲ. ಯುರೋಪಿನ ಮಕ್ಕಳ ಕರುಳುತಜ್ಞರ ಸಂಘ 2012ರಲ್ಲಿ ಒಂದು ದಾರಿ ತೆರೆಯಿತು, 2020ರಲ್ಲಿ ಅದನ್ನು ಸರಳ ಮಾಡಿತು. ಟಿಟಿಜಿ-ಐಜಿಎ ಮಿತಿಯ ಹತ್ತು ಪಟ್ಟು ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಬೇರೆ ಸಲ ತೆಗೆದ ರಕ್ತದಲ್ಲಿ ಇಎಂಎ ಎಂಬ ಇನ್ನೊಂದು ಆಂಟಿಬಾಡಿ ಟೆಸ್ಟ್ ಕೂಡ ಪಾಸಿಟಿವ್ ಬರಬೇಕು. ಎರಡೂ ಇದ್ದರೆ ಅಪ್ಪ ಅಮ್ಮನ ಜೊತೆ ಮಾತಾಡಿ ಬಯಾಪ್ಸಿ ಬಿಡಬಹುದು. ನಮ್ಮ ಹುಡುಗಿಯದು ಮಿತಿಯ ಆರು ಪಟ್ಟು ಇತ್ತು. ಹಾಗಾಗಿ ಮೈಸೂರಿಗೆ ಹೋಗಿ ಎಂಡೋಸ್ಕೋಪಿ ಮಾಡಿಸಿದೆವು. ಅವಳಿಗಿಂತ ನಮ್ಮಕ್ಕ ಜಾಸ್ತಿ ಅತ್ತಳು.

ಮಾರ್ಷ್ 3ಎ ಅಂತ ಬರೆದಿದ್ದಾರೆ. ಕ್ಯಾನ್ಸರ್ ಮೂರನೇ ಸ್ಟೇಜಾ?

ಅಲ್ಲ, ಅಲ್ಲ. ಬಯಾಪ್ಸಿ ಅಂದರೆ ಕ್ಯಾನ್ಸರ್ ಅಂತ ನಮ್ಮ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಒಬ್ಬರು ಈ ರಿಪೋರ್ಟು ಹಿಡಿದು ಮನೆಯವರಿಗೆ ಹೇಳದೆ ವಾರ ಕಳೆದಿದ್ದರು.

ಮಾರ್ಷ್ ಅನ್ನುವುದು ಈ ಅಳತೆಯನ್ನು 1992ರಲ್ಲಿ ಮಾಡಿಕೊಟ್ಟ ತಜ್ಞರ ಹೆಸರು. ಸೊನ್ನೆ ಎಂದರೆ ನಾರ್ಮಲ್. 1 ಎಂದರೆ ಕರುಳಿನ ಮೇಲ್ಪದರದಲ್ಲಿ ಕಾವಲಿನ ಕಣಗಳು ಲೆಕ್ಕಕ್ಕಿಂತ ಜಾಸ್ತಿ ನುಗ್ಗಿವೆ. 2ರಲ್ಲಿ ಎಳೆಗಳ ಬುಡದ ಗುಳಿಗಳೂ ಉದ್ದವಾಗಿವೆ. 3ರಲ್ಲಿ ಎಳೆಗಳೇ ಸವೆದಿವೆ: 3ಎ ಸ್ವಲ್ಪ, 3ಬಿ ಬಹಳ, 3ಸಿ ಪೂರ್ತಿ ಚಪ್ಪಟೆ. ಮಾರ್ಷ್ 3 ಜೊತೆಗೆ ಟಿಟಿಜಿ ಪಾಸಿಟಿವ್ ಇದ್ದರೆ ಸೀಲಿಯಾಕ್ ಅನ್ನಲು ಗಟ್ಟಿ ಆಧಾರ. ಬರೀ ಮಾರ್ಷ್ 1 ಇದ್ದರೆ ಎಚ್ಚರ. ಹೊಟ್ಟೆಯ ಸೋಂಕು, ನೋವಿನ ಮಾತ್ರೆ, ಇನ್ನೂ ಎಷ್ಟೋ ಕಾರಣಕ್ಕೆ ಹಾಗಾಗುತ್ತದೆ.

ಒಬ್ರು ಸೀಲಿಯಾಕ್ ಅಂದ್ರು, ಇನ್ನೊಬ್ರು ಟ್ರಾಪಿಕಲ್ ಸ್ಪ್ರೂ ಅಂದ್ರು. ಯಾರನ್ನ ನಂಬೋದು?

ಇಬ್ಬರೂ ಒಂದೇ ಬಯಾಪ್ಸಿ ನೋಡಿ ಹಾಗೆ ಹೇಳಿರಬಹುದು, ಅದರಲ್ಲಿ ಆಶ್ಚರ್ಯವಿಲ್ಲ. ಟ್ರಾಪಿಕಲ್ ಸ್ಪ್ರೂ ನಮ್ಮಂಥ ಬಿಸಿ ಸೀಮೆಯ ಕಾಯಿಲೆ, ದಕ್ಷಿಣ ಭಾರತಕ್ಕೆ ಹಳೆಯ ಪರಿಚಯ. ಅದರಲ್ಲೂ ಭೇದಿ, ತೂಕ ಇಳಿತ, ರಕ್ತ ಕಮ್ಮಿ, ಸವೆದ ಎಳೆಗಳು. ಆದರೆ ಅದರಲ್ಲಿ ಟಿಟಿಜಿ ಸಾಮಾನ್ಯವಾಗಿ ನೆಗೆಟಿವ್. ಕರುಳಿನ ಕೊನೆಯ ತನಕ ತೊಂದರೆ ಹಬ್ಬುವುದರಿಂದ ಬಿ12 ಜಾಸ್ತಿ ಇಳಿದಿರುತ್ತದೆ. ಗೋಧಿ ಬಿಟ್ಟರೆ ವಾಸಿಯಾಗುವುದಿಲ್ಲ. ಕೆಲವು ತಿಂಗಳು ಆಂಟಿಬಯಾಟಿಕ್ ಮತ್ತು ಫೋಲಿಕ್ ಆಸಿಡ್ ಕೊಟ್ಟರೆ ವಾಸಿಯಾಗುತ್ತದೆ.

ಜಿಯಾರ್ಡಿಯಾ ಎಂಬ ನೀರಿನ ಸೋಂಕು ಕೂಡ ಎಳೆಗಳನ್ನು ಸವೆಸಬಲ್ಲದು. ಬಿಪಿಗೆ ಕೊಡುವ ಓಲ್ಮೆಸಾರ್ಟಾನ್ ಎಂಬ ಮಾತ್ರೆ ಅಪರೂಪಕ್ಕೆ ಸೀಲಿಯಾಕ್‌ನ ಹಾಗೇ ಕಾಣುವ ಗಾಯ ಮಾಡುತ್ತದೆ. ನುಂಗುವ ಮಾತ್ರೆಗಳ ಪಟ್ಟಿಯನ್ನು ಪೂರ್ತಿ ತೋರಿಸಿ ಅನ್ನುವುದು ಇದಕ್ಕೇ. ಟಿಟಿಜಿ ನೆಗೆಟಿವ್ ಇದ್ದು ಬಯಾಪ್ಸಿ ಮಾತ್ರ ಕೆಟ್ಟಿದ್ದರೆ ಇವನ್ನೆಲ್ಲ ನೋಡದೆ ಸೀಲಿಯಾಕ್ ಎಂಬ ಹಣೆಪಟ್ಟಿ ಹಚ್ಚಬಾರದು.

## ಗೋಜಲಿನ ಪ್ರಶ್ನೆಗಳು

ಒಂದು ವರ್ಷದಿಂದ ಗೋಧಿ ಮುಟ್ಟಿಲ್ಲ. ಈಗ ಟೆಸ್ಟ್ ಮಾಡಿಸೋದು ಹೇಗೆ?

ಎರಡು ದಾರಿ. ಮೊದಲು ಜೀನ್ ಟೆಸ್ಟ್. ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ಜೀನುಗಳಿವೆಯಾ ಅಂತ ನೋಡುತ್ತಾರೆ. ಏನು ತಿಂದರೂ ಬಿಟ್ಟರೂ ಜೀನ್ ಬದಲಾಗುವುದಿಲ್ಲ. ಎರಡೂ ಇಲ್ಲದಿದ್ದರೆ ಸೀಲಿಯಾಕ್ ಇಲ್ಲ ಅನ್ನಬಹುದು, ಕಥೆ ಅಲ್ಲಿಗೇ ಮುಗಿಯಿತು. ಇದ್ದರೆ ಮಾತ್ರ ಏನೂ ಸಾಬೀತಾಗುವುದಿಲ್ಲ. ಹತ್ತು ಜನರಲ್ಲಿ ಮೂರ್ನಾಲ್ಕು ಜನರಿಗೆ ಈ ಜೀನ್ ಇರುತ್ತದೆ, ಕಾಯಿಲೆ ಬರುವುದು ಕೆಲವರಿಗಷ್ಟೆ. ಜೀನ್ ರಿಪೋರ್ಟು ಪಾಸಿಟಿವ್ ಅಂತ ಗೋಧಿ ಬಿಟ್ಟವರನ್ನು ನೋಡಿದ್ದೇನೆ, ಹಾಗೆ ಮಾಡಬೇಡಿ.

ಜೀನ್ ಇದ್ದರೆ ಎರಡನೇ ದಾರಿ: ಮತ್ತೆ ಗೋಧಿ ತಿಂದು ಟೆಸ್ಟ್ ಮಾಡಿಸುವುದು. ಬ್ರಿಟನ್ನಿನ ಸಲಹೆ ಆರು ವಾರ, ದಿನಾ ಒಂದಕ್ಕಿಂತ ಜಾಸ್ತಿ ಊಟದಲ್ಲಿ ಗ್ಲುಟೆನ್ ಇರಬೇಕು ಎಂದು. ಅಮೆರಿಕದ ತಜ್ಞರು ದಿನಕ್ಕೆ 3 ಗ್ರಾಂ ಗ್ಲುಟೆನ್‌ನಂತೆ ಎರಡು ವಾರ ತಿಂದು ನೋಡಿ, ತಡೆಯಲು ಆಗುವುದಾದರೆ ಎಂಟು ವಾರಕ್ಕೆ ಮುಂದುವರಿಸಿ ಎಂದರು. ಒಂದು ಮಧ್ಯಮ ಚಪಾತಿಯಲ್ಲಿ ಅಂದಾಜು ಎರಡು ಮೂರು ಗ್ರಾಂ ಇರುತ್ತದೆ. ಅಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಚಪಾತಿ ಸಾಕು. ಮುದ್ದೆ ಮನೆಯವರು ಟೆಸ್ಟಿಗೋಸ್ಕರ ಚಪಾತಿ ತಿನ್ನಬೇಕಾದ ತಮಾಷೆ ಇದು.

ಇದನ್ನು ಡಾಕ್ಟರ ಕಣ್ಣಿನಲ್ಲೇ ಮಾಡಬೇಕು. ಐದು ವರ್ಷದೊಳಗಿನ ಮಕ್ಕಳಿಗೆ, ದಿಢೀರ್ ಎತ್ತರ ಬೆಳೆಯುವ ಹರೆಯದ ವಯಸ್ಸಿನಲ್ಲಿ ಸಾಮಾನ್ಯವಾಗಿ ಮಾಡುವುದಿಲ್ಲ.

ಮಗಳಿಗೆ ಇದೆ ಅಂತ ಗೊತ್ತಾಯ್ತು. ಮನೆಮಂದಿಯೆಲ್ಲ ಮಾಡಿಸ್ಬೇಕಾ?

ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು ಮಾಡಿಸಬೇಕು. ರೋಗಿಯ ಹತ್ತಿರದ ರಕ್ತಸಂಬಂಧಿಗಳಲ್ಲಿ ನೂರಕ್ಕೆ ಸುಮಾರು ಏಳೆಂಟು ಜನರಿಗೆ ಸೀಲಿಯಾಕ್ ಸಿಗುತ್ತದೆ, ಲಕ್ಷಣ ಇಲ್ಲದಿದ್ದರೂ. ಇಲ್ಲೊಂದು ಅವಸರದ ತಪ್ಪು ಆಗುತ್ತದೆ. ಮಗುವಿಗೋಸ್ಕರ ಮನೆಯವರೆಲ್ಲ ಅದೇ ದಿನ ಗೋಧಿ ಬಿಟ್ಟುಬಿಡುತ್ತಾರೆ. ಪ್ರೀತಿಯೇನೋ ಸರಿ, ಮೊದಲು ಎಲ್ಲರ ರಕ್ತ ಕೊಟ್ಟು ಆಮೇಲೆ ಬಿಡಿ. ನಮ್ಮ ಭಾವನದು ಪಾಸಿಟಿವ್ ಬಂತು. ಅವರು ಇಪ್ಪತ್ತು ವರ್ಷದಿಂದ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದರು.

ಟೈಪ್ 1 ಡಯಾಬಿಟಿಸ್ ಇರುವ ಮಕ್ಕಳಿಗೂ, ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೂ ಈ ಟೆಸ್ಟ್ ಮಾಡುತ್ತಾರೆ. ಒಮ್ಮೆ ನೆಗೆಟಿವ್ ಬಂದರೂ ಮುಂದೆ ಬರಬಹುದು. ಯಾವಾಗ ಮತ್ತೆ ಮಾಡಿಸಬೇಕು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಪಥ್ಯ ಶುರುವಾಗಿ ಆರು ತಿಂಗಳು. ಟಿಟಿಜಿ ಇಳಿದಿದೆ, ನಾರ್ಮಲ್ ಆಗಿಲ್ಲ. ಕಾಯಿಲೆಯನ್ನೇ ತಪ್ಪಾಗಿ ಹಿಡಿದ್ರಾ?

ಇಳಿಯುತ್ತಿದ್ದರೆ ಸರಿಯಾಗಿಯೇ ಹಿಡಿದಿದ್ದಾರೆ ಅಂತಲೇ ಅರ್ಥ. ಮೊದಲು ಬಹಳ ಏರಿದ್ದವರಿಗೆ ನಾರ್ಮಲ್ ಆಗಲು ವರ್ಷ, ಎರಡು ವರ್ಷವೂ ಬೇಕಾಗುತ್ತದೆ. ಇಳಿಯುವುದು ನಿಂತುಹೋದರೆ ಅಥವಾ ಮತ್ತೆ ಏರಿದರೆ, ಬಹಳ ಸಲ ಗೊತ್ತಿಲ್ಲದೆ ಗ್ಲುಟೆನ್ ಎಲ್ಲಿಂದಲೋ ಒಳಗೆ ಹೋಗುತ್ತಿರುತ್ತದೆ.

ಮದ್ದೂರು ವಡೆಯಲ್ಲಿ ಮೈದಾ, ರವೆ ಎರಡೂ ಇದೆ. ಹಾರ್ಲಿಕ್ಸ್‌ನಲ್ಲಿ ಗೋಧಿಯೂ ಇದೆ, ಬಾರ್ಲಿಯೂ ಇದೆ. ಕೆಲವು ಹೋಟೆಲಿನವರು ದೋಸೆ ಹಿಟ್ಟಿಗೆ ಮೈದಾ ಸೇರಿಸುತ್ತಾರೆ. ದಿನಾ ಸಾರಿಗೆ ಹಾಕುವ ಡಬ್ಬಿ ಇಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಪೊಟ್ಟಣದ ಮೇಲೆ ಗ್ಲುಟೆನ್ ಫ್ರೀ ಅಂತ ಬರೆಯಬೇಕಾದರೆ ನಮ್ಮ ದೇಶದ ನಿಯಮದಂತೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು.

ನಮ್ಮ ಮನೆಯಲ್ಲಿ ಕಳ್ಳ ಸಿಕ್ಕಿದ್ದು ಬೇರೆ ಕಡೆ. ಒಂಬತ್ತನೇ ತಿಂಗಳಲ್ಲಿ ಹುಡುಗಿಯ ಟಿಟಿಜಿ ಇಳಿಯುವುದು ನಿಂತಿತು. ಬೇಕರಿ ಬಿಟ್ಟಿದ್ದಳು, ಇಂಗು ಬದಲಾಯಿಸಿತ್ತು, ತಿನ್ನುತ್ತಿದ್ದುದು ಮನೆಯ ಮುದ್ದೆ, ರಾಗಿರೊಟ್ಟಿ. ಡಯಟೀಷಿಯನ್ ಮೇಡಂ ರಾಗಿ ಎಲ್ಲಿ ಬೀಸಿಸ್ತೀರಿ ಅಂತ ಕೇಳಿದರು. ಬೀದಿ ಕೊನೆಯ ಮಿಲ್ಲಿನಲ್ಲಿ, ನಮಗಿಂತ ಮುಂಚೆ ಬಂದವರ ಗೋಧಿ ಬೀಸಿದ ಕಲ್ಲಿಗೇ ನಮ್ಮ ರಾಗಿ ಸುರಿಯುತ್ತಿದ್ದೆವು. ಈಗ ಅಕ್ಕ ಮನೆಗೇ ಸಣ್ಣ ಯಂತ್ರ ತಂದಿದ್ದಾಳೆ. ಅದರ ಸದ್ದಿಗೆ ಪಕ್ಕದ ಮನೆಯವರು ಗೊಣಗುತ್ತಾರೆ. ಮೊನ್ನೆಯ ಟಿಟಿಜಿ ಮಿತಿಯೊಳಗೆ ಬಂತು.